ಗುಂಯ್‌ಗುಟ್ಟಿಯೂ ಕದಲದ ಸ್ಕ್ಯಾನರ್ ಮೋಟಾರು: ನನ್ನ ಅನುಭವ

ತೀರ್ಥಹಳ್ಳಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಪಹಣಿ, ಅಂಕಪಟ್ಟಿ, ಅಡಿಕೆ ತೋಟಗಳ ಹಳೆಯ ಕ್ರಯಪತ್ರ ಮುಂತಾದವನ್ನು ಸ್ಕ್ಯಾನ್ ಮಾಡುವುದಕ್ಕೆ ಹಳೆಯದೊಂದು ಫ್ಲಾಟ್‌ಬೆಡ್ ಸ್ಕ್ಯಾನರ್ ಇದೆ. ಕಳೆದ ಮಳೆಗಾಲದಲ್ಲಿ ಅದರ ದೀಪ ಹೊತ್ತಿಕೊಂಡರೂ ಗಾಜಿನ ಕೆಳಗೆ ದೀಪವನ್ನು ಹೊತ್ತು ಸರಿಯುವ ಕ್ಯಾರೇಜು ಇದ್ದಲ್ಲೇ ನಡುಗಿ, ಕರ್ಕಶವಾಗಿ ಗುಂಯ್‌ಗುಟ್ಟಿ ಸುಮ್ಮನಾಗತೊಡಗಿತು. ಮೋಟಾರು ಸುಟ್ಟಿದೆ, ರಿಪೇರಿಗಿಂತ ಹೊಸದೇ ಲೇಸು ಎಂದು ನೋಡಿದವರೆಲ್ಲ ಹೇಳಿದರು. ಪೂರ್ತಿ ಸುಟ್ಟ ಮೋಟಾರು ಸದ್ದನ್ನೇ ಮಾಡುವುದಿಲ್ಲವಾದ್ದರಿಂದ ನಾನು ಅದನ್ನು ಬಿಚ್ಚಿ ನೋಡಲು ನಿಶ್ಚಯಿಸಿದೆ.

ಸಾಗಾಟಕ್ಕೆಂದು ಕ್ಯಾರೇಜನ್ನು ಬಿಗಿಯುವ ಲಾಕು ಬಿಚ್ಚಿಕೊಂಡೇ ಇತ್ತು. ಅಡಾಪ್ಟರ್ ಮತ್ತು ಯುಎಸ್‌ಬಿ ಕೇಬಲ್ ಎರಡನ್ನೂ ಕಿತ್ತು, ಸ್ವಲ್ಪ ಹೊತ್ತು ಬಿಟ್ಟ ಮೇಲೆಯೇ ಗಾಜಿನ ಚೌಕಟ್ಟನ್ನು ಎತ್ತಿದೆ. ಕೊಳವೆ ದೀಪವಿರುವ ಹಳೆಯ ಯಂತ್ರಗಳಲ್ಲಿ ಆ ದೀಪಕ್ಕೆ ನೂರಾರು ವೋಲ್ಟ್ ಒದಗಿಸುವ ಇನ್ವರ್ಟರ್ ಇರುವುದರಿಂದ ಇಲ್ಲಿ ಅವಸರ ಸಲ್ಲದು.

ನಮ್ಮ ಕಡೆಯ ಥಂಡಿಗೆ ಮೊದಲು ಹಾಳಾಗುವುದು ಕ್ಯಾರೇಜು ಜಾರುವ ಉಕ್ಕಿನ ಸರಳು. ಅದರ ಮೇಲೆ ಸಾಸಿವೆ ಗಾತ್ರದ ತುಕ್ಕಿನ ಚುಕ್ಕೆಗಳಿದ್ದವು, ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಸರಳನ್ನು ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿದೆ. ಮನೆಯಲ್ಲಿ ಸದಾ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಇದಕ್ಕೆ ಬೇಡ; ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಚಳಿಗಾಲದ ಬೆಳಗುಗಳು ಅದಕ್ಕಿಂತ ಬಹಳ ತಣ್ಣಗಿರುತ್ತವೆ. ಈಗ ಮೋಟಾರಿನಿಂದ ಕ್ಯಾರೇಜನ್ನು ಎಳೆಯುವ ಬೆಲ್ಟನ್ನು ಕಳಚಿದರೆ ಕ್ಯಾರೇಜು ಬೆರಳ ತುದಿಗೆ ಸರಾಗವಾಗಿ ಸರಿಯುತ್ತಿತ್ತು. ಆದರೆ ಬೆಲ್ಟಿಲ್ಲದೆ ವಿದ್ಯುತ್ ಕೊಟ್ಟಾಗಲೂ ಮೋಟಾರಿನ ಹಲ್ಲುಚಕ್ರ ಅದೇ ರೀತಿ ಹಿಂದೆ ಮುಂದೆ ನಡುಗಿತು. ಹೊರೆ ಹೆಚ್ಚಾಗಿದೆ ಎಂಬ ಶಂಕೆ ಅಲ್ಲಿಗೆ ಪರಿಹಾರವಾಯಿತು.

ಇಂಥ ಯಂತ್ರಗಳಲ್ಲಿರುವುದು ಸ್ಟೆಪರ್ ಮೋಟಾರು. ಅದರೊಳಗಿನ ಎರಡು ಕಾಯಿಲ್‌ಗಳಿಗೆ (ತಂತಿಯ ಸುರುಳಿಗಳಿಗೆ) ಗೊತ್ತಾದ ಕ್ರಮದಲ್ಲಿ ವಿದ್ಯುತ್ತು ಹರಿದರೆ ಮಾತ್ರ ಚಕ್ರ ಒಂದೇ ದಿಕ್ಕಿಗೆ ಹೆಜ್ಜೆಯಿಡುತ್ತದೆ. ಒಂದು ಕಾಯಿಲ್ ಸತ್ತರೆ ಉಳಿದದ್ದು ಅದನ್ನು ಅತ್ತಿತ್ತ ಎಳೆದಾಡುತ್ತದೆಯೇ ಹೊರತು ಯಾವ ದಿಕ್ಕಿಗೂ ತಿರುಗಿಸಲಾರದು. ಕಾಯಿಲ್‌ಗೆ ಒಂದು ಜೋಡಿಯಂತೆ ನಾಲ್ಕು ವೈರ್‌ಗಳಿರುವ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿದೆ. (ವಿದ್ಯುತ್ತು ಇರುವಾಗ ಈ ಕನೆಕ್ಟರ್ ಕಿತ್ತರೆ ಮೋಟಾರನ್ನು ನಡೆಸುವ ಡ್ರೈವರ್ ಚಿಪ್ ಹೋಗಬಹುದು.) ಒಂದು ಜೋಡಿ ಹತ್ತು ಓಮ್‌ನ ಆಸುಪಾಸು ತೋರಿಸಿತು. ಇನ್ನೊಂದು ಜೋಡಿಯೂ ಅಷ್ಟೇ ತೋರಿಸಬೇಕಿತ್ತು, ಏನನ್ನೂ ತೋರಿಸಲಿಲ್ಲ. ಮೀಟರ್ ಇಲ್ಲದವರು ಒಂದು ಜೋಡಿಯ ತುದಿಗಳನ್ನು ಸೇರಿಸಿ ಹಿಡಿದು ಮೋಟಾರನ್ನು ಕೈಯಿಂದ ತಿರುಗಿಸಿ ನೋಡಬಹುದು: ಕಾಯಿಲ್ ಸರಿಯಿದ್ದರೆ ಚಕ್ರ ಬಿಗಿಯಾಗುತ್ತದೆ, ತುಂಡಾಗಿದ್ದರೆ ಹಾಗೆಯೇ ಸಡಿಲವಾಗಿ ತಿರುಗುತ್ತದೆ.

ಇಷ್ಟಕ್ಕೇ ಮೋಟಾರನ್ನು ಎಸೆಯುವವರುಂಟು. ನಾನು ಮೀಟರಿನ ಕಡ್ಡಿಗಳನ್ನು ಹಾಗೆಯೇ ಇಟ್ಟು ವೈರನ್ನು ಉದ್ದಕ್ಕೂ ಒಂದೊಂದೇ ಕಡೆ ಮೆಲ್ಲಗೆ ಬಾಗಿಸುತ್ತ ಹೋದೆ. ಕನೆಕ್ಟರಿನ ಬುಡಕ್ಕೆ ಬಂದಾಗ ಅಂಕಿ ಒಮ್ಮೆ ಮಿನುಗಿ ಮರೆಯಾಯಿತು. ಸೂಜಿಯಿಂದ ಪಿನ್ನನ್ನು ಹೊರಗೆಳೆದರೆ, ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು, ಪಿನ್ನು ಕಚ್ಚಿದ್ದ ಜಾಗದಲ್ಲೇ ತುಂಡಾಗಿದ್ದವು. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಅವನ್ನು ಹಿಡಿದುಕೊಂಡಿತ್ತು. ಕಿಲುಬಿನ ಭಾಗವನ್ನು ಕತ್ತರಿಸಿ, ತಾಮ್ರ ಹೊಳೆಯುವ ತನಕ ಕೆರೆದು, ಪಿನ್ನಿಗೆ ನೇರವಾಗಿ ಸೋಲ್ಡರ್ ಮಾಡಿದೆ. ಉಳಿದ ಮೂರು ಪಿನ್ನುಗಳನ್ನೂ ಅದೇ ಕೈಯಲ್ಲಿ ಶುಚಿ ಮಾಡಿದೆ.

ಮುಚ್ಚುವಾಗ ಗಾಜಿನ ಒಳಬದಿಯಲ್ಲಿ, ಕ್ಯಾರೇಜು ನಿಲ್ಲುವ ತುದಿಗೆ ಅಂಟಿಸಿರುವ ಬಿಳಿ ಪಟ್ಟಿಯನ್ನು ಮುಟ್ಟಬಾರದು. ಯಂತ್ರ ಬಿಳಿಯ ಅಳತೆ ತೆಗೆದುಕೊಳ್ಳುವುದು ಅದರಿಂದ, ಅಲ್ಲಿನ ಒಂದು ಕಲೆ ಇಡೀ ಪುಟಕ್ಕೆ ಗೆರೆಯಾಗಿ ಇಳಿಯುತ್ತದೆ.

ಕ್ಯಾರೇಜು ಚಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ನಾನು ಒಪ್ಪುವುದಿಲ್ಲ. ಉಕ್ಕಿನ ಅಳತೆಪಟ್ಟಿಯನ್ನು ಕ್ಯಾರೇಜು ಓಡುವ ದಿಕ್ಕಿಗೆ ಇಟ್ಟು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ ಆರು ಇಂಚಿಗೆ 1800 ಪಿಕ್ಸೆಲ್ ಬರಬೇಕು. ಮೋಟಾರು ನಡುವೆ ಹೆಜ್ಜೆ ತಪ್ಪಿಸಿದರೆ ಅದೇ ಜಾಗ ಎರಡೆರಡು ಸಲ ದಾಖಲಾಗಿ ಚಿತ್ರ ಉದ್ದಕ್ಕೆ ಹಿಗ್ಗುತ್ತದೆ, ಆಗ ಅಡಾಪ್ಟರಿನ ವೋಲ್ಟೇಜನ್ನೂ ಬೆಲ್ಟಿನ ಬಿಗಿಯನ್ನೂ ನೋಡಬೇಕಾಗುತ್ತದೆ. ನನಗೆ ಲೆಕ್ಕ ಸರಿಬಂದದ್ದರಿಂದ ತಿರುಪುಗಳನ್ನು ಬಿಗಿದೆ.