ಅಡಿಕೆ ಸಿಪ್ಪೆ ರಾಶಿಯಲ್ಲಿ ಸಿಕ್ಕ ಬಿಸಿಗಟ್ಟಿ ಅಮೈಲೇಸ್

ಪಿಷ್ಟ ಒಡೆಯುವ ಎಂಜೈಮ್ ಅಮೈಲೇಸ್, ಅದೂ ಬಿಸಿಗೆ ಜಗ್ಗದಂಥದ್ದು, ನನಗೆ ಬೇಕಿತ್ತು. ಅದನ್ನು ಮಾಡುವ ಶಾಖಪ್ರಿಯ ಬ್ಯಾಕ್ಟೀರಿಯಾ ಬೇಕಿದ್ದರೆ ಬಿಸಿನೀರಿನ ಬುಗ್ಗೆಗೇ ಹೋಗಬೇಕು, ಮಲೆನಾಡಿನ ಥಂಡಿಯಲ್ಲಿ ಎಲ್ಲಿಂದ ತರುತ್ತೀರಿ ಎಂದವರೇ ಹೆಚ್ಚು. ತಂದಿದ್ದು ತೀರ್ಥಹಳ್ಳಿ ಕಡೆಯ ತೋಟದ ಸಿಪ್ಪೆ ರಾಶಿಯಿಂದ. ಸಗಣಿ ಬಗ್ಗಡ ಹೊಯ್ದು ಎದೆಮಟ್ಟ ಒಟ್ಟಿದ ಸಿಪ್ಪೆ ವಾರದೊಳಗೆ ನಡುವಿನಲ್ಲಿ 65 ಡಿಗ್ರಿ ಮುಟ್ಟುತ್ತದೆ. ಮಳೆಗೆ ನೆನೆದರೆ ಗಾಳಿಯಾಡದೆ ತಣ್ಣಗಾಗಿಹೋಗುತ್ತದೆ. ಹೊರಪದರದಲ್ಲಿ 45ರ ಆಸುಪಾಸು. ಎರಡೂ ಕಡೆಯ ಮಾದರಿ ಬೇರೆಬೇರೆ ತೆಗೆದೆ.

ಮೊದಲು ಕೈಕೊಟ್ಟಿದ್ದು ಅಗಾರ್, ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಸುರಿಯುವ ಜೆಲ್ಲಿ. 60ರ ಮೇಲೆ ನೀರು ಬಿಟ್ಟು ಕಾಲೊನಿಗಳು ಒಂದಕ್ಕೊಂದು ಹರಿದುಕೊಳ್ಳುತ್ತವೆ, ಮರುದಿನಕ್ಕೆ ಪ್ಲೇಟು ಹಪ್ಪಳ. ಅದರ ಬದಲು ಬಿಸಿ ತಡೆಯುವ ಜೆಲ್ಲಾನ್ ಗಮ್ ಶೇ. 0.8, ಮೆಗ್ನೀಸಿಯಂ ಕ್ಲೋರೈಡ್ ಶೇ. 0.1 ಹಾಕಿದ ಮೇಲೆ ನಿಂತಿತು. ಆ ಮೆಗ್ನೀಸಿಯಂ ಉಪ್ಪಿಲ್ಲದಿದ್ದರೆ ಗಟ್ಟಿಯಾಗದು, ಬಿಸಿಬಿಸಿಯಲ್ಲೇ ಸುರಿಯಬೇಕು. ಕೆ.ಜಿ. ಲೆಕ್ಕದಲ್ಲಿ ದುಬಾರಿಯಾದರೂ ಅಗಾರಿನ ಅರ್ಧದಷ್ಟು ಸಾಕು. ಹೊಸ ಇನ್ಕ್ಯುಬೇಟರ್ ಕೊಳ್ಳಲಿಲ್ಲ. ಹಳೆಯದಕ್ಕೇ ತಾಪಮಾನ ಹಿಡಿದಿಡುವ ಪಿಐಡಿ ಕಂಟ್ರೋಲರ್ ಕೂರಿಸಿದೆ, ಹೆಚ್ಚುಕಡಿಮೆ ಎರಡು ಸಾವಿರ ರೂಪಾಯಿ.

ಎರಡೂ ಕಡೆಯ ಬ್ಯಾಕ್ಟೀರಿಯಾದಿಂದ ಬಂದ ಎಂಜೈಮನ್ನು 70 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟಾಗ ಹೊರಪದರದ್ದು ಬಹುಪಾಲು ಸತ್ತಿತು. ನಡುವಿನದು ಮುಕ್ಕಾಲು ಪಾಲು ಉಳಿಯಿತು, ಅದೂ 5 ಮಿಲಿಮೋಲಾರ್ ಕ್ಯಾಲ್ಸಿಯಂ ಇದ್ದಾಗ. ಪಿಎಚ್ ಹಿಡಿದಿಡುವ ದ್ರಾವಣವಾಗಿ (ಬಫರ್) ಫಾಸ್ಫೇಟ್ ಬಳಸಿದರೆ ಕ್ಯಾಲ್ಸಿಯಂ ಕಚ್ಚಿಕೊಂಡು ತಳ ಸೇರುತ್ತದೆ, ಎಂಜೈಮ್ ಕೈಬಿಡುತ್ತದೆ. ಟ್ರಿಸ್ ಎಂಬ ಬಫರ್ ಇನ್ನೊಂದು ಮೋಸ: ಕೋಣೆಯಲ್ಲಿ ಪಿಎಚ್ 8 ಇದ್ದದ್ದು 70ರಲ್ಲಿ 6.7ರ ಹತ್ತಿರಕ್ಕೆ ಇಳಿದಿರುತ್ತದೆ. ನಾನು ಅಸಿಟೇಟ್ ಬಫರಿಗೆ ಹೋದೆ, ಅದು ಅಷ್ಟಾಗಿ ಅಲುಗುವುದಿಲ್ಲ. ಅದೇ ನಡುವಿನ ಎಂಜೈಮ್ 37ರಲ್ಲಿ ಮಂದ, ಹೊರಪದರದ್ದರ ಕಾಲುಭಾಗ ಕೆಲಸ. 70ರಲ್ಲಿ ಬಿಚ್ಚಿಕೊಳ್ಳದಂತೆ ಬಿಗಿದ ಕಟ್ಟು ತಂಪಿನಲ್ಲಿ ಸುಲಭಕ್ಕೆ ಮಿಸುಕದು.

'ಗರಿಷ್ಠ ಚಟುವಟಿಕೆಯ ತಾಪಮಾನ' ಎಂದು ಒಂದೇ ಅಂಕಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. 5 ನಿಮಿಷದ ಪರೀಕ್ಷೆಯಲ್ಲಿ 75 ಬಂದದ್ದು ಅರ್ಧ ಗಂಟೆ ಬಿಟ್ಟರೆ 65ರ ಒಳಗೆ ಬರುತ್ತದೆ. ಎಷ್ಟು ಹೊತ್ತು ಎಂದು ಬರೆಯದ ಅಂಕಿಗೆ ಬೆಲೆಯಿಲ್ಲ.

ಇ. ಕೋಲೈಯಲ್ಲಿ ಮಾಡಿಸಿದ ಎಂಜೈಮನ್ನು ಕಾಯಿಸಿ ಶುದ್ಧ ಮಾಡುವ ಅಗ್ಗದ ದಾರಿ ಇಲ್ಲಿ ನಡೆಯದು. ಅಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ ಪ್ರೋಟೀನುಗಳು ಬಿಸಿಗೆ ಕೆಡುತ್ತವೆ, ಇಲ್ಲಿ ಶಾಖಪ್ರಿಯ ಬ್ಯಾಕ್ಟೀರಿಯಾದ್ದೇ ಆದ ಜೊತೆಗಿನ ಪ್ರೋಟೀನುಗಳೂ ಬಿಸಿಗೆ ಜಗ್ಗುವುದಿಲ್ಲ. ಅಮೋನಿಯಂ ಸಲ್ಫೇಟ್ ಹಾಕಿ ಎಂಜೈಮನ್ನು ತಳಕ್ಕಿಳಿಸುವುದೇ ಗತಿ. ಎಂಜೈಮನ್ನೇ ಕತ್ತರಿಸಿಹಾಕುವ ಪ್ರೋಟಿಯೇಸನ್ನು ಹದ್ದುಬಸ್ತಿನಲ್ಲಿಡಲು ಬೇರೊಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನು ಸದ್ಯ ಬಿಡಿಸಿ ಹೇಳುವುದಿಲ್ಲ.

ಪಿಷ್ಟದ ಬದಲು ಸಿಪ್ಪೆ ಪುಡಿಯಲ್ಲೇ ಬೆಳೆಸಿಯೂ ನೋಡಿದೆ. ಬೆಳೆಯಿತು, ಆದರೆ ಸಿಪ್ಪೆಯ ಚೊಗರಿನ ಕಂದು ಬಣ್ಣ ಡಿಎನ್‌ಎಸ್ (ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದಿಂದ ಅಳೆಯುವ ರಾಸಾಯನಿಕ) ರೀಡಿಂಗನ್ನು ಮೇಲಕ್ಕೆಳೆಯಿತು. ಆ ಬಣ್ಣವನ್ನು ಕಳೆಯಲು ಇಡುವ ಬ್ಲ್ಯಾಂಕಿಗೆ (ಎಂಜೈಮ್ ಕೆಲಸ ಮಾಡದ ಹೋಲಿಕೆ ಮಾದರಿ) ಕುದಿಸಿದ ಎಂಜೈಮ್ ಹಾಕಬೇಡಿ, ಐದು ನಿಮಿಷದ ಕುದಿತಕ್ಕೆ ಇದು ಪೂರ್ತಿ ಸಾಯದಿರಬಹುದು. ಮೊದಲು ಡಿಎನ್‌ಎಸ್ ಹಾಕಿ, ಆಮೇಲೆ ಎಂಜೈಮ್ ಬಿಡಿ; ಡಿಎನ್‌ಎಸ್ ಎಂಜೈಮಿನ ಕೆಲಸವನ್ನು ತಡೆಯುತ್ತದೆ.