ಫಾಕ್ಸ್‌ಪಿ3 ಕಂಡ ಕೂಡಲೇ ಟಿ-ರೆಗ್ ಅನ್ನೋ ಹಾಗಿಲ್ಲ

ಇಲಿ ಕೋಶಗಳಲ್ಲಿ ಪಳಗಿದವರಿಗೆ ಮನುಷ್ಯರ ಟಿ ಕೋಶ (ರೋಗನಿರೋಧಕ ಪಡೆಯ ಒಂದು ಬಗೆಯ ಬಿಳಿ ರಕ್ತಕಣ) ಸ್ವಲ್ಪ ತಲೆ ತಿನ್ನುತ್ತದೆ. ಇಲಿಯಲ್ಲಿ ಫಾಕ್ಸ್‌ಪಿ3 (ಇದೊಂದು ಜೀನ್; ಅದರಿಂದ ಆಗುವ ಪ್ರೋಟೀನ್‌ಗೂ ಇದೇ ಹೆಸರು) ಕಂಡರೆ ಅದು ಟಿ-ರೆಗ್, ಅಂದರೆ ರೋಗನಿರೋಧಕ ಪಡೆಗೆ ಕಡಿವಾಣ ಹಾಕುವ ಕೋಶ ಎಂದು ಹೆಚ್ಚುಕಮ್ಮಿ ನಂಬಬಹುದು. 2025ರ ನೊಬೆಲ್ ಪಡೆದ ಬ್ರಂಕೋ, ರಾಮ್ಸ್‌ಡೆಲ್, ಸಕಗುಚಿ ಅವರ ಕೆಲಸವೂ ಈ ಕೋಶ ಮತ್ತು ಈ ಜೀನ್ ಸುತ್ತಲಿನದೇ. ಮನುಷ್ಯರಲ್ಲಿ ಮಾತ್ರ ಮಾಮೂಲಿ ಸಿಡಿ4 ಕೋಶವೂ (ಮೈಮೇಲೆ ಸಿಡಿ4 ಎಂಬ ಪ್ರೋಟೀನ್ ಇರುವ ಟಿ ಕೋಶ) ಆಕ್ಟಿವೇಟ್ ಆದಾಗ ಕೆಲವು ದಿನ ಫಾಕ್ಸ್‌ಪಿ3 ತೋರಿಸುತ್ತದೆ.

ಇದನ್ನು ನೋಡಲು ನಾನು ದಾನಿಯ ರಕ್ತವನ್ನು ಫೈಕಾಲ್ (ರಕ್ತಕಣಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ ದ್ರವ) ಮೇಲೆ ನಿಧಾನಕ್ಕೆ ಬಿಟ್ಟು, ಬ್ರೇಕ್ ಹಾಕದೆ ಸೆಂಟ್ರಿಫ್ಯೂಜ್ ಮಾಡುತ್ತೇನೆ. ಪ್ಲಾಸ್ಮಾದ ಕೆಳಗೆ ತೆಳ್ಳಗೆ ಬಿಳಿ ಪದರ ನಿಲ್ಲುತ್ತದೆ. ಅದರಿಂದ ಸಿಡಿ4 ಇರುವ, ಸಿಡಿ25 (ಟಿ-ರೆಗ್ ಮೈಮೇಲೆ ಜಾಸ್ತಿ ಇರುವ ಪ್ರೋಟೀನ್) ಇಲ್ಲದ ಕೋಶಗಳನ್ನು ಸಾರ್ಟ್ ಮಾಡುತ್ತೇನೆ. ಮೊದಲೇ ಇದ್ದ ಟಿ-ರೆಗ್‌ಗಳನ್ನು ಇಲ್ಲೇ ಹೊರಗಿಡದಿದ್ದರೆ, ಆಮೇಲೆ ಕಂಡದ್ದು ಹಳೆಯದೋ ಹೊಸದೋ ಹೇಗೆ ಹೇಳುವುದು? ನಂತರ ಕೋಶಗಳನ್ನು ಆಕ್ಟಿವೇಟ್ ಮಾಡಲು ಸಿಡಿ3, ಸಿಡಿ28 ಆಂಟಿಬಾಡಿ ಅಂಟಿಸಿದ ಬೀಡ್ಸ್ ಹಾಕಿ ಬಿಡುತ್ತೇನೆ.

ಒಂದೇ ದಿನ ನೋಡಿ ತೀರ್ಮಾನ ಮಾಡಬಾರದು. ಆಕ್ಟಿವೇಟ್ ಆದದ್ದಕ್ಕೆ ಗುರುತಾದ ಸಿಡಿ69 ಕೆಲವೇ ಗಂಟೆಗಳಲ್ಲಿ ಏರುತ್ತದೆ. ಫಾಕ್ಸ್‌ಪಿ3 ಸಾಮಾನ್ಯವಾಗಿ 48ರಿಂದ 72 ಗಂಟೆಯ ಹೊತ್ತಿಗೆ ಜೋರಾಗಿ, ಆಮೇಲೆ ಇಳಿಯುತ್ತದೆ. ಮಟ್ಟವೂ ನಿಜವಾದ ಟಿ-ರೆಗ್‌ನಷ್ಟು ಇರುವುದಿಲ್ಲ. ತಾಜಾ ರಕ್ತದಲ್ಲಿ ಟಿ-ರೆಗ್ ಹುಡುಕಲು 'ಸಿಡಿ25 ಜಾಸ್ತಿ, ಸಿಡಿ127 (ಮೈಮೇಲಿನ ಇನ್ನೊಂದು ಪ್ರೋಟೀನ್) ಕಡಿಮೆ' ಎಂಬ ಲೆಕ್ಕ ಚೆನ್ನಾಗಿದೆ. ಇಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಆಕ್ಟಿವೇಟ್ ಆದ ಮಾಮೂಲಿ ಕೋಶದಲ್ಲೂ ಸಿಡಿ25 ಏರಿ, ಸಿಡಿ127 ಇಳಿದಿರುತ್ತದೆ. ಟಿ-ರೆಗ್‌ನ ಇನ್ನೊಂದು ಗುರುತಾದ ಸಿಟಿಎಲ್‌ಎ-4 ಕಥೆಯೂ ಅಷ್ಟೇ.

ನನ್ನ ಗಮನ ಜಾಸ್ತಿ ಹೋಗುವುದು ಸ್ಟೇನಿಂಗ್, ಅಂದರೆ ಮಿನುಗುವ ಆಂಟಿಬಾಡಿ ಅಂಟಿಸಿ ಗುರುತು ಮಾಡುವುದರ ಕಡೆಗೆ. ಫಾಕ್ಸ್‌ಪಿ3 ಇರುವುದು ನ್ಯೂಕ್ಲಿಯಸ್ ಒಳಗೆ, ಹಾಗಾಗಿ ಕೋಶವನ್ನು ಫಿಕ್ಸ್ ಮಾಡಿ ತೂತು ಕೊರೆಯಲೇಬೇಕು. ಸತ್ತ ಕೋಶ ಗುರುತಿಸುವ ಡೈ ಅದಕ್ಕೂ ಮೊದಲು ಹಾಕಬೇಕು. ಸತ್ತ ಕೋಶಗಳಿಗೆ ಎಲ್ಲ ಆಂಟಿಬಾಡಿಯೂ ಸುಮ್ನೆ ಅಂಟಿಕೊಳ್ಳುತ್ತದೆ. ಆಕ್ಟಿವೇಟ್ ಆದ ಕೋಶ ಗಾತ್ರದಲ್ಲೂ ದೊಡ್ಡದು, ತಾನೇ ಮಿನುಗುವುದೂ ಜಾಸ್ತಿ. ವಿಶ್ರಾಂತಿಯಲ್ಲಿದ್ದ ಕೋಶಕ್ಕೆ ಹಾಕಿದ ಗೇಟ್ (ಯಾವ ಕೋಶ ಲೆಕ್ಕಕ್ಕೆ ಎಂಬ ಗಡಿ) ಇದಕ್ಕೆ ಹೊಂದುವುದಿಲ್ಲ. ಅದಕ್ಕೇ ಪ್ರತಿ ಸಮಯಕ್ಕೂ ಫಾಕ್ಸ್‌ಪಿ3 ಆಂಟಿಬಾಡಿ ಒಂದನ್ನು ಹಾಕದೆ, ಉಳಿದದ್ದೆಲ್ಲ ಹಾಕಿದ ಒಂದು ಟ್ಯೂಬ್ ಬೇರೆಯಾಗಿ ಇಡುತ್ತೇನೆ.

ಇಷ್ಟಾದರೂ ಅನುಮಾನ ಉಳಿದರೆ ಫಾಕ್ಸ್‌ಪಿ3 ಜೀನ್‌ನ ಟಿಎಸ್‌ಡಿಆರ್ ಭಾಗದ (ಜೀನ್ ಸ್ಥಿರವಾಗಿ ಕೆಲಸ ಮಾಡಲು ನೆರವಾಗುವ ಡಿಎನ್‌ಎ ತುಣುಕು) ಮಿಥೈಲೇಶನ್, ಅಂದರೆ ಡಿಎನ್‌ಎಗೆ ಮಿಥೈಲ್ ಗುಂಪು ಅಂಟಿದೆಯಾ ಎಂದು ನೋಡುವುದು. ಸ್ಥಿರ ಟಿ-ರೆಗ್‌ನಲ್ಲಿ ಅಲ್ಲಿ ಮಿಥೈಲ್ ಗುಂಪು ಇರುವುದಿಲ್ಲ, ತಾತ್ಕಾಲಿಕವಾಗಿ ಏರಿದ ಕೋಶದಲ್ಲಿ ಇರುತ್ತದೆ. ಈ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ಹೆಂಗಸರಲ್ಲಿ ಒಂದು ಎಕ್ಸ್ ಮುಚ್ಚಿ, ಮಿಥೈಲ್ ಆಗಿರುವುದರಿಂದ ನಿಜವಾದ ಟಿ-ರೆಗ್‌ನಲ್ಲೂ ಮಿಥೈಲ್ ಇಲ್ಲದ್ದು ಅರ್ಧದಷ್ಟೇ ಕಾಣುತ್ತದೆ. ಹಾಗಾಗಿ ಈ ಪರೀಕ್ಷೆಗೆ ಗಂಡಸರ ರಕ್ತವೇ ಸಲೀಸು.

ಕೊನೆಗೆ ಸಪ್ರೆಶನ್ ಅಸ್ಸೇ: ಈ ಕೋಶಗಳು ಪಕ್ಕದ ಕೋಶಗಳ ವಿಭಜನೆ ತಡೆಯುತ್ತವೆಯಾ? ಅದಕ್ಕೆ ಮೊದಲು ಹಳೆಯ ಬೀಡ್ಸ್ ಎಲ್ಲವನ್ನೂ ಮ್ಯಾಗ್ನೆಟ್‌ನಿಂದ ಎಳೆದು ತೆಗೆಯಿರಿ. ನಾಲ್ಕು ಬೀಡ್ಸ್ ಉಳಿದರೂ ಪಕ್ಕದ ಕೋಶಗಳನ್ನು ಅವೇ ಕೆರಳಿಸಿಬಿಡುತ್ತವೆ.