ಪಾರ್ಕಿಂಗ್ ಸ್ಟಿಕ್ಕರ್ ತೆಗೆದ ಮೇಲೆ ಕಾರು ಕಡಿಮೆಯಾದವು

ನಮ್ಮ ಆಫೀಸಿನ ಬೇಸ್‌ಮೆಂಟಿನಲ್ಲಿ ಈಗ ಬೆಳಿಗ್ಗೆ ಹನ್ನೊಂದಕ್ಕೆ ಬಂದರೂ ಕಾರು ನಿಲ್ಲಿಸಲು ಜಾಗ ಸಿಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಅಡ್ಮಿನ್ ನೋಡಿಕೊಳ್ಳುವವರಿಗೆ ಇದರ ಬೆಲೆ ಗೊತ್ತು. ನೌಕರರು ಕಾರು ಬಿಟ್ಟು ಬರುವಂತೆ ಮಾಡಲು ಹೊರಟಾಗ ‘ಬೆಂಗಳೂರಿನ ಜನ ಕಾರು ಬಿಡಲ್ಲ ಸಾರ್, ದುಡ್ಡು ದಂಡ’ ಅಂದಿದ್ದ ನಮ್ಮ ಫೈನಾನ್ಸಿನವರೇ ಈಗ ಉಳಿತಾಯದ ಲೆಕ್ಕ ಮೇಲಿನವರಿಗೆ ತೋರಿಸುತ್ತಿದ್ದಾರೆ.

2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ಕಾಡುಗೋಡಿವರೆಗೆ ಮೆಟ್ರೊ ಶುರುವಾದಾಗ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ತುಂಡು ಬಾಕಿ ಇತ್ತು. ಇಳಿದು, ಬಸ್ ಹತ್ತಿ, ಮತ್ತೆ ರೈಲು ಹಿಡಿಯಲು ನಮ್ಮವರು ಒಪ್ಪಲಿಲ್ಲ. ಅಕ್ಟೋಬರ್ 9ರಂದು ಅದೂ ಕೂಡಿತು. ನಗರದ ಇನ್ನೊಂದು ತುದಿಯ ಚಲ್ಲಘಟ್ಟದಿಂದ ನೇರ ರೈಲು ಬಂದರೂ ಕಾರು ಬಿಟ್ಟವರು ಬೆರಳೆಣಿಕೆಯಷ್ಟು.

ನಲ್ಲೂರಹಳ್ಳಿ ಸ್ಟೇಷನ್‌ನಿಂದ ಆಫೀಸಿಗೆ ಟೆಂಪೊ ಟ್ರಾವೆಲರ್ ಹಾಕಿಸಿದೆ. ತಿಂಗಳಿಗೆ ಎಪ್ಪತ್ತು ಸಾವಿರದ ಆಸುಪಾಸು ಹೋಯಿತು, ಅರ್ಧ ಗಾಡಿ ಖಾಲಿ. ಇಪ್ಪತ್ತು ನಿಮಿಷಕ್ಕೊಂದು ಗಾಡಿ ಎಂದರೆ ಒಂದು ತಪ್ಪಿದವನು ಮರುದಿನ ಕಾರಿನಲ್ಲೇ ಬರುತ್ತಾನೆ. ಹಲವರು ಒಂದೇ ಕಾರಿನಲ್ಲಿ ಬರುವ ಕಾರ್‌ಪೂಲ್ ಅದಕ್ಕಿಂತ ಬೇಗ ಬಿದ್ದುಹೋಯಿತು. ಟೀಮ್ ಪ್ರಕಾರ ಗುಂಪು ಮಾಡಿದ್ದೆವು. ದಿನವಿಡೀ ಮ್ಯಾನೇಜರ್ ಮುಖ ನೋಡಿದವರಿಗೆ ಮಾರತ್ತಹಳ್ಳಿ ಸೇತುವೆವರೆಗೂ ಅವರ ಪಕ್ಕ ಕೂರುವುದು ಬೇಕಿರಲಿಲ್ಲ. ಅಪಾರ್ಟ್‌ಮೆಂಟ್ ಪ್ರಕಾರ ಜೋಡಿಸಿದ ಮೇಲೆ ಕೆಲವು ಗುಂಪು ಉಳಿದುಕೊಂಡವು. 

ಕೊನೆಗೆ ಫಲ ಕೊಟ್ಟದ್ದು ತಿಂಗಳ ಪಾರ್ಕಿಂಗ್ ಸ್ಟಿಕ್ಕರ್ ತೆಗೆದದ್ದು. ನಾವು ಕಟ್ಟಡದವರಿಗೆ ಒಂದು ಕಾರು ನಿಲ್ಲುವ ಸ್ಲಾಟಿಗೆ ತಿಂಗಳಿಗೆ ಮೂರೂವರೆ ಸಾವಿರ ಕಟ್ಟುತ್ತಿದ್ದೆವು, ನೌಕರನಿಗೆ ಅದು ಪುಕ್ಕಟೆ. ತಿಂಗಳ ಸ್ಟಿಕ್ಕರ್ ಕೈಯಲ್ಲಿದ್ದರೆ ದಿನಾ ಕಾರು ತರುವುದೇ ಲಾಭ. ಅದನ್ನು ದಿನದ ಲೆಕ್ಕಕ್ಕೆ ತಂದೆ: ಸ್ಲಾಟ್ ಇದ್ದವರು ಕಾರು ತರದೆ ಆಫೀಸಿಗೆ ಬಂದ ದಿನ ಕಂಪನಿಯಿಂದ ಅವರಿಗೆ ನೂರು ರೂಪಾಯಿ. ವಾರಕ್ಕೆ ಎರಡು ದಿನ ಬಿಟ್ಟವನಿಗೂ ಎರಡು ನೂರು. ಪೂರ್ತಿ ಬಿಡಿ ಅಂದಾಗ ಒಪ್ಪದವರು ಮಂಗಳವಾರ, ಗುರುವಾರ ಬಿಟ್ಟರು. ಆಮೇಲೆ ತಾವಾಗಿಯೇ ಹೆಚ್ಚಿಸಿಕೊಂಡರು. ಆರು ತಿಂಗಳಲ್ಲಿ ಸುಮಾರು ಮೂರರಲ್ಲಿ ಒಂದು ಕಾರು ಕಡಿಮೆಯಾಯಿತು, ನಲವತ್ತರಷ್ಟು ಸ್ಲಾಟ್ ವಾಪಸ್ ಕೊಟ್ಟೆವು. ಈ ದುಡ್ಡು ಸಂಬಳದ ಜೊತೆ ಸೇರಿ ತೆರಿಗೆಗೆ ಬೀಳುತ್ತದೆ, ಅದನ್ನು ಮೊದಲೇ ಹೇಳಿಬಿಡಿ. 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಕೆಲವರು ಕಾರಿಗೆ ಮರಳಿದರು. ದೂರದಿಂದ ಬರುವವರಿಗೆ ಇಪ್ಪತ್ತು ರೂಪಾಯಿ ಹೆಚ್ಚಿಸಿದ ಮೇಲೆ ಸರಿಹೋಯಿತು.

ಇದರ ಜೊತೆ ಒಂದು ಮಾತು ಕೊಟ್ಟೆವು: ಮಗುವಿಗೆ ಜ್ವರ ಬಂತು, ಮೀಟಿಂಗ್ ರಾತ್ರಿಯಾಯಿತು ಎಂದರೆ ಮನೆಗೆ ಕ್ಯಾಬ್ ಕಂಪನಿಯದು, ಪ್ರಶ್ನೆ ಕೇಳುವುದಿಲ್ಲ. ‘ಎಲ್ಲರೂ ದುರುಪಯೋಗ ಮಾಡುತ್ತಾರೆ’ ಅಂದವರಿದ್ದರು. ಈ ಖರ್ಚು ತಿಂಗಳಿಗೆ ಆರೇಳು ಸಾವಿರ ದಾಟಿದ್ದು ಅಪರೂಪ.

ಸೈಕಲ್‌ಗೆಂದು ಶವರ್, ಗೀಸರ್ ಹಾಕಿಸಿದೆವು. ಹತ್ತು ಜನರೂ ಆಗಲಿಲ್ಲ, ಆದರೂ ತೆಗೆಯುವುದಿಲ್ಲ. ಬರುವವರು ದಿನವೂ ಬರುವವರು. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಕೊಡೆ. ಸೆಕ್ಯುರಿಟಿ ಟೇಬಲ್ ಪಕ್ಕ ದೊಡ್ಡ ಕಪ್ಪು ಕೊಡೆಗಳು, ಹಿಡಿಯ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್. ಸಂಜೆ ಮಳೆಗೆ ಸ್ಟೇಷನ್‌ವರೆಗೆ ನಡೆಯಲಾಗದೆ ಮರುದಿನ ಕಾರು ತರುತ್ತಿದ್ದವರು ಇದರಿಂದ ಅದನ್ನು ನಿಲ್ಲಿಸಿದರು. ಒಂದೈದು ಕೊಡೆ ಕಳೆದಿವೆ, ಒಂದಕ್ಕೆ ಮುನ್ನೂರು ರೂಪಾಯಿ. ಜೂನ್‌ಗೆ ಮುಂಚೆ ತರಿಸಿಡಿ.